ಇದ್ದರೂ ‘ಇಲ್ಲ’ ಎನ್ನುವ ಸರ್ವರ್

ಪ್ರಶ್ನೆ: ಗೆಳೆಯ ಕಳಿಸಿದ ಗಿಟ್‌ಹಬ್ ಲಿಂಕ್ ಒತ್ತಿದರೆ ನನಗೆ 404, ಅಂದರೆ ಪುಟವೇ ಇಲ್ಲ ಎಂದು ಬರುತ್ತದೆ. ಅವನಿಗೆ ಅದೇ ಲಿಂಕ್ ತೆರೆಯುತ್ತದೆ. ಹೀಗೇಕೆ?

ಅದು ಖಾಸಗಿ ಪ್ರಾಜೆಕ್ಟ್ ಇರಬೇಕು, ನಿಮಗೆ ಅನುಮತಿ ಇಲ್ಲ. ಹಾಗೆಂದು ನೇರವಾಗಿ ಹೇಳಲು 403 ಎಂಬ ಸಂಕೇತವೇ ಇದೆ. ಆದರೂ ಗಿಟ್‌ಹಬ್ ಬೇಕೆಂದೇ 404 ಕೊಡುತ್ತದೆ.

ಲಾಡ್ಜಿನ ಕೌಂಟರಿಗೆ ಅಪರಿಚಿತನೊಬ್ಬ ಬಂದು ‘ಇಂಥವರು ಇಲ್ಲಿ ಇಳಿದುಕೊಂಡಿದ್ದಾರಾ?’ ಎಂದು ಕೇಳಿದ ಎನ್ನಿ. ‘ಇದ್ದಾರೆ, ಆದರೆ ನಿಮ್ಮನ್ನು ಒಳಗೆ ಬಿಡಲ್ಲ’ ಎಂದರೆ ಅವನಿಗೆ ಬೇಕಾದ ಅರ್ಧ ಸುದ್ದಿ ಸಿಕ್ಕೇಬಿಟ್ಟಿತು. ಜಾಣ ಗುಮಾಸ್ತ ‘ಆ ಹೆಸರಿನವರು ಯಾರೂ ಇಲ್ಲ’ ಎನ್ನುತ್ತಾನೆ. ಸರ್ವರ್ ಮಾಡುವುದೂ ಇದನ್ನೇ. ಕೇಳುತ್ತಿರುವವರು ಯಾರೆಂದು ಮೊದಲು ನೋಡುತ್ತದೆ. ಅವರಿಗೆ ಹಕ್ಕಿಲ್ಲದಿದ್ದರೆ, ಕಡತ ಇರಲಿ ಬಿಡಲಿ, ಉತ್ತರ ಒಂದೇ. ಇಲ್ಲವಾದರೆ ಯಾರಾದರೂ ಹೆಸರುಗಳನ್ನು ಊಹಿಸಿ ಒಂದೊಂದಾಗಿ ಕೇಳುತ್ತಾ, ಕಂಪನಿಯೊಂದರ ಗುಟ್ಟಿನ ಪ್ರಾಜೆಕ್ಟುಗಳ ಪಟ್ಟಿಯನ್ನೇ ಮಾಡಿಕೊಳ್ಳಬಹುದು. ಈ ಸಂಕೇತಗಳನ್ನು ನಿಗದಿಪಡಿಸುವ ಎಚ್‌ಟಿಟಿಪಿ ನಿಯಮಾವಳಿಯೇ ಈ ಸುಳ್ಳಿಗೆ ಒಪ್ಪಿಗೆ ಕೊಟ್ಟಿದೆ!

ನಮ್ಮದೇ ಕಂಪ್ಯೂಟರಿನಲ್ಲಿ ಮಾತ್ರ ಈ ಜಾಣತನ ಬೇಕಿಲ್ಲ. ಕಡತ ಇಲ್ಲದಿದ್ದರೆ 2, ಅನುಮತಿ ಇಲ್ಲದಿದ್ದರೆ 13 ಎಂದು ಲಿನಕ್ಸ್ ಬೇರೆ ಬೇರೆ ಸಂಖ್ಯೆ ಕೊಡುತ್ತದೆ. ಎರಡನ್ನೂ ‘ತೆರೆಯಲಾಗಲಿಲ್ಲ’ ಎಂದು ಕಲಸಿಬಿಡುವುದು ತಂತ್ರಾಂಶ ಬರೆದವರ ಸೋಮಾರಿತನ.

ಆ ಪ್ರಾಜೆಕ್ಟಿಗೆ ನಿಮ್ಮ ಖಾತೆಯನ್ನು ಸೇರಿಸಲು ಗೆಳೆಯನಿಗೆ ಹೇಳಿ, ಲಾಗಿನ್ ಆಗಿ ನೋಡಿ.