ಸಾಲಿನ ತುದಿಯ ಕಸ

ಕಾಗದದಲ್ಲಿ ಎರಡು ಪದಗಳ ನಡುವಿನ ಜಾಗಕ್ಕೆ ಶಾಯಿ ಖರ್ಚಾಗುವುದಿಲ್ಲ. ಕಂಪ್ಯೂಟರಿನ ಕಡತದಲ್ಲಿ ಮಾತ್ರ ಅದಕ್ಕೂ ಲೆಕ್ಕವಿದೆ: ಆಸ್ಕಿ ಪಟ್ಟಿಯಲ್ಲಿ ಸ್ಪೇಸ್‌ನ ಸಂಖ್ಯೆ 32, ಟ್ಯಾಬ್‌ನದು 9. ನಮ್ಮ ಕಣ್ಣಿಗೆ ಬೀಳದಿದ್ದರೂ ಯಂತ್ರ ಅವನ್ನು ಓದಿಯೇ ಮುಂದೆ ಹೋಗುತ್ತದೆ. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ, ಅಳಿಸಬೇಕಾದ ಫೋಲ್ಡರಿನ ವಿಳಾಸದೊಳಗೆ 'ಯುಎಸ್‌ಆರ್' ಆದಮೇಲೆ ಒಂದು ಸ್ಪೇಸ್ ನುಸುಳಿತ್ತು. ಒಂದು ವಿಳಾಸ ಎರಡಾಯಿತು. ಒಳಮೂಲೆಯ ಯಾವುದೋ ಫೋಲ್ಡರನ್ನು ತೆಗೆಯಬೇಕಿದ್ದ ಆದೇಶ, ಬಹುಪಾಲು ತಂತ್ರಾಂಶಗಳು ವಾಸವಿರುವ 'ಯುಎಸ್‌ಆರ್' ಫೋಲ್ಡರನ್ನೇ ಗುಡಿಸಿ ಹಾಕಿತು.

ಇಂಥ ಅನಾಹುತ ಅಪರೂಪ, ನಿಜ. ದಿನನಿತ್ಯದ ಕಾಟ ಸಣ್ಣದು. ಶೆಲ್ ಸ್ಕ್ರಿಪ್ಟಿನಲ್ಲಿ ಸಾಲಿನ ಕೊನೆಗೆ ಹಿಮ್ಮುಖ ಗೀರು (\) ಹಾಕಿದರೆ ಆದೇಶ ಮುಂದಿನ ಸಾಲಿಗೂ ಹರಿಯುತ್ತದೆ. ಗೀರಿನ ಪಕ್ಕದಲ್ಲಿ ಒಂದು ಸ್ಪೇಸ್ ಉಳಿದರೆ ಅಲ್ಲೇ ತುಂಡಾಗುತ್ತದೆ. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬರೆದ, ಪ್ರೋಗ್ರಾಂ ಕಟ್ಟಲು ನೆರವಾಗುವ 'ಮೇಕ್' ಸಲಕರಣೆಯ ಕತೆ ಇನ್ನೂ ಸ್ವಾರಸ್ಯದ್ದು. ಅದರ ಆದೇಶದ ಸಾಲುಗಳು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ನಡೆಯದು. ಇದು ತೊಡಕೆಂದು ಫೆಲ್ಡ್‌ಮನ್‌ರಿಗೆ ಬೇಗನೆ ಹೊಳೆಯಿತಾದರೂ, ಆಗಲೇ ಬಳಸುತ್ತಿದ್ದ ಹತ್ತು ಹನ್ನೆರಡು ಮಂದಿಗೆ ತೊಂದರೆ ಬೇಡವೆಂದು ಬದಲಿಸದೆ ಬಿಟ್ಟರು. ಆ ದಾಕ್ಷಿಣ್ಯದ ಬೆಲೆಯನ್ನು ಪ್ರೋಗ್ರಾಮರುಗಳು ಇಂದಿಗೂ ತೆರುತ್ತಿದ್ದಾರೆ. ಟ್ಯಾಬ್ ಸ್ಪೇಸ್‌ಗಳ ಗೊಂದಲಮಯ ಬೆರಕೆಯನ್ನು ಪೈಥಾನ್ 3 ಭಾಷೆ ತಪ್ಪೆಂದು ಹೇಳಿ ನಿಂತುಬಿಡುತ್ತದೆ. ನನಗೆ ಅದೇ ವಾಸಿ ಅನಿಸುತ್ತದೆ.

ಹೆಚ್ಚಿನ ಭಾಷೆಗಳು ಸಾಲಿನ ತುದಿಯ ಸ್ಪೇಸನ್ನು ಲೆಕ್ಕಿಸುವುದೇ ಇಲ್ಲವಲ್ಲ, ಮತ್ತೇಕೆ ಅದನ್ನು ಗುಡಿಸುವ ಮಡಿವಂತಿಕೆ ಎನ್ನಬಹುದು. ಕೋಡನ್ನು ಯಂತ್ರದ ಜೊತೆಗೆ ಮನುಷ್ಯರೂ ಓದುತ್ತಾರೆ ಎಂಬುದು ಇದಕ್ಕೆ ಉತ್ತರ. ಯಾರು ಯಾವ ಸಾಲು ತಿದ್ದಿದರೆಂದು, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತೋರಿಸುವಾಗ, ಒಂದು ಸ್ಪೇಸ್ ಸೇರಿದ ಸಾಲೂ ತಿದ್ದಿದ ಸಾಲೇ. ನಿಜವಾದ ಮೂರು ತಿದ್ದುಪಡಿಗಳು ಮೂವತ್ತು ಪೊಳ್ಳು ತಿದ್ದುಪಡಿಗಳ ನಡುವೆ ಹೂತುಹೋದರೆ ಪರಿಶೀಲಿಸುವವರ ಕಣ್ಣು ತಪ್ಪುತ್ತದೆ. ಹಾಗಾದರೆ ಸ್ವಚ್ಛ ಮಾಡುವುದೂ ಅದೇ ಗದ್ದಲವೆಬ್ಬಿಸುವುದಿಲ್ಲವೇ? ಎಬ್ಬಿಸುತ್ತದೆ, ಈ ಆಕ್ಷೇಪಕ್ಕೆ ತೂಕವಿದೆ. ಅದಕ್ಕೇ ಸ್ವಚ್ಛತೆಯನ್ನು ಬೇರೆ ಕೆಲಸದ ಜೊತೆ ಬೆರೆಸಬಾರದು, ಪ್ರತ್ಯೇಕ ಕಮಿಟ್ (ಗಿಟ್‌ನಲ್ಲಿ ಒಟ್ಟಾಗಿ ದಾಖಲಿಸುವ ತಿದ್ದುಪಡಿ) ಆಗಿಯೇ ಮಾಡಬೇಕು. ಅಂಥ ಕಮಿಟ್‌ಗಳನ್ನು ದಾಟಿ ಮೂಲ ಲೇಖಕರನ್ನು ಹುಡುಕುವ ಸೌಲಭ್ಯ ಗಿಟ್‌ಗೆ 2019ರಲ್ಲೇ ಬಂದಿದೆ. ಅದಕ್ಕಿಂತ ಮೇಲು, ಕಸವನ್ನು ಹೊಸ್ತಿಲಲ್ಲೇ ತಡೆಯುವುದು. ಸ್ಪೇಸನ್ನು ಚುಕ್ಕಿಯಾಗಿ, ಟ್ಯಾಬನ್ನು ಬಾಣವಾಗಿ ತೋರಿಸುವ ಎಡಿಟರುಗಳಿವೆ. 'ಗಿಟ್ ಡಿಫ್' ಆದೇಶಕ್ಕೆ 'ಚೆಕ್' ಆಯ್ಕೆ ಸೇರಿಸಿದರೆ ತುದಿಯ ಸ್ಪೇಸ್ ಯಾವ ಸಾಲಿನಲ್ಲಿದೆಯೆಂದು ಸಂಖ್ಯೆ ಸಮೇತ ಹೇಳುತ್ತದೆ. ಇದನ್ನು ಕಮಿಟ್‌ಗೆ ಮುನ್ನ ತಾನಾಗಿ ಓಡುವಂತೆ ಇಟ್ಟರೆ ಯಾರೂ ಯಾರಿಗೂ ಬುದ್ಧಿ ಹೇಳಬೇಕಿಲ್ಲ.

ಆದರೆ ಪೊರಕೆ ಹಿಡಿದವರಿಗೆ ಮನೆಯ ಪರಿಚಯವಿರಬೇಕು. ಮಾರ್ಕ್‌ಡೌನ್ ಕಡತದಲ್ಲಿ ಸಾಲಿನ ಕೊನೆಯ ಎರಡು ಸ್ಪೇಸ್ ಕಸವಲ್ಲ, ಅಲ್ಲಿ ಸಾಲು ಮುರಿಯಬೇಕೆಂಬ ಸೂಚನೆ. ಕನ್ನಡ ಪಠ್ಯವಿರುವ ಕಡತಗಳಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಅಗಲವೇ ಇಲ್ಲದ, ಅಕ್ಷರಗಳನ್ನು ಒತ್ತಾಗದಂತೆ ಬಿಡಿಸಿಡುವ ಒಂದು ಯೂನಿಕೋಡ್ ಸಂಕೇತ ನಮ್ಮ ಬರಹದಲ್ಲಿ ಹೆಜ್ಜೆಹೆಜ್ಜೆಗೂ ಇದೆ. ಕಾಣದ ಅಕ್ಷರಗಳನ್ನೆಲ್ಲ ಕಿತ್ತೆಸೆಯುವ ಸ್ಕ್ರಿಪ್ಟ್‌ಗೆ ಅದೂ ಕಸವೇ. ಮೇಲೆ ಬಂದ 'ಬಂಬಲ್‌ಬೀ'ಯಲ್ಲಿ ಲಕಾರ ಬಕಾರಗಳ ನಡುವೆ ಕೂತಿರುವುದು ಅದೇ ಸಂಕೇತ. ತೆಗೆದರೆ ಬಕಾರ ಒತ್ತಾಗಿ ಕೆಳಗಿಳಿದು 'ಬಂಬಲ್ಬೀ' ಆಗುತ್ತದೆ.