ಬೇಸಿಗೆ ಸಾಮಾನು ಎತ್ತಿಡುವ ಮುಂಚೆ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಬೇಸಿಗೆ ಬಂತೆಂದರೆ ಅರ್ಧ ಸಂಸಾರ ಮನೆಯ ಹೊರಗೇ ಇರುತ್ತದೆ. ಅಂಗಳದಲ್ಲಿ ಹೊರಸು, ಮಾಳಿಗೆ ಮೇಲೆ ಕೌದಿ, ಕಿಟಕಿಗೆ ಕೂಲರ್, ಬಾಗಿಲ ಬದಿಗೆ ರಂಜಣಗಿ, ಸಂತೆಗೆ ಕೂಡುವವರ ಛತ್ರಿ, ತಾಡಪತ್ರಿ. ಮಿರಗದ ಮಳೆ ಬಿದ್ದ ಕೂಡಲೇ ಎಲ್ಲವನ್ನೂ ಗಡಿಬಿಡಿಯಲ್ಲಿ ಮೂಲೆಗೆ ತುರುಕುತ್ತೇವೆ. ಅಲ್ಲೇ ತಪ್ಪಾಗುವುದು.

ಮೊದಲು ಕೂಲರ್ ಮಾತು. ಡೆಂಗ್ಯೂ ಮತ್ತು ಚಿಕುನ್‌ಗುನ್ಯಾ ಹರಡುವ ಸೊಳ್ಳೆ ತಿಳಿನೀರಿನ ಅಂಚಿಗೆ, ತೊಟ್ಟಿಯ ಗೋಡೆಗೆ ತತ್ತಿ ಅಂಟಿಸುತ್ತದೆ. ನೀರು ಚೆಲ್ಲಿದರೆ ತತ್ತಿ ಹೋಗುವುದಿಲ್ಲ. ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತಾಗಿದಾಗ ಮರಿಯಾಗುತ್ತದೆ. 2006ರಲ್ಲಿ ನಮ್ಮ ಜಿಲ್ಲೆಯಲ್ಲಿ ಚಿಕುನ್‌ಗುನ್ಯಾ ಬಂದಾಗ ಕೀಲು ಹಿಡಿದು ಕುಂತವರನ್ನು ನೀವೆಲ್ಲ ನೋಡಿದ್ದೀರಿ. ಆದ್ದರಿಂದ ಬಳಸುವಾಗ ವಾರಕ್ಕೊಮ್ಮೆ, ಎತ್ತಿಡುವಾಗ ಇನ್ನೊಮ್ಮೆ, ತೆಂಗಿನ ನಾರಿನಿಂದ ಗೋಡೆಯನ್ನು ಗಸಗಸ ತಿಕ್ಕಲೇಬೇಕು. ಅದಕ್ಕೂ ಮುಂಚೆ ಪ್ಲಗ್ ಕಿತ್ತಿಡ್ರಿ. ತಗಡಿನ ಕೂಲರ್‌ನಿಂದ ಕರೆಂಟ್ ಹೊಡೆಯುವುದು ಹೊಸದೇನಲ್ಲ.

ತೊಟ್ಟಿಯಲ್ಲಿ ಬಿಳಿ ಕಿಟ್ಟ ಕಟ್ಟುತ್ತದಲ್ಲ, ಅದು ನಮ್ಮ ನೆಲದ ಸುಣ್ಣ. ಸಿಮೆಂಟ್ ಫ್ಯಾಕ್ಟರಿಗಳು ಇಲ್ಲಿಗೆ ಬಂದದ್ದು ಯಾವ ಕಲ್ಲಿಗಾಗಿಯೋ ಆ ಕಲ್ಲೇ ಬೋರಿನ ನೀರಿನಲ್ಲಿ ಕರಗಿ ಬರುತ್ತದೆ. ಇದಕ್ಕೆ ಕೆಲವರು ಅಂಗಡಿಯ ಆಸಿಡ್ ಸುರುವುತ್ತಾರೆ. ಅದು ಕಿಟ್ಟದ ಜೊತೆ ತಗಡನ್ನೂ ತಿನ್ನುತ್ತದೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿದರಂತೂ ವಿಷಗಾಳಿ ಎದ್ದು ಎದೆ ಹಿಡಿಯುತ್ತದೆ, ಎರಡನ್ನೂ ಎಂದೂ ಕೂಡಿಸಬ್ಯಾಡ್ರಿ. ಹಳೇ ಹುಣಸೆಹಣ್ಣು ನೆನೆಸಿ ಕಿವುಚಿ ಬಳಿದು, ಅರ್ಧ ತಾಸು ಬಿಟ್ಟು ತಿಕ್ಕಿ ತೊಳೆದರೆ ಸಾಕು. ಹಿಂಡಿದ ನಿಂಬೆ ಸಿಪ್ಪೆಯೂ ನಡೀತದೆ. ದಪ್ಪ ಕಿಟ್ಟಕ್ಕೆ ಎರಡು ಮೂರು ಸಲ ಮಾಡಬೇಕು. ಒಂದು ಎಚ್ಚರ: ಈ ಹುಳಿ ನೀರು ಶಹಾಬಾದ ಪರಸಿ ಮೇಲೆ ಚೆಲ್ಲಬಾರದು. ಅದೂ ಸುಣ್ಣದ ಕಲ್ಲೇ, ಹುಳಿ ತಾಗಿದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ.

ತಾಡಪತ್ರಿ, ಛತ್ರಿಗಳನ್ನು ಮೊದಲೇ ನೀರಿಗೆ ಹಾಕಬ್ಯಾಡ್ರಿ. ವಾಡಿ, ಸೇಡಂ ಕಡೆಯ ಧೂಳಿನಲ್ಲಿ ಸಿಮೆಂಟ್ ಇದ್ದರೆ ಅದು ಒದ್ದೆಯಾದ ಕೂಡಲೇ ಗಟ್ಟಿ ಹಿಡಿಯುತ್ತದೆ. ಮೂಗಿಗೆ ಸೆರಗು ಕಟ್ಟಿಕೊಂಡು ಒಣ ಬಾರಿಗೆಯಿಂದ ಝಾಡಿಸಿ, ಆಮೇಲೆ ಅಂಟವಾಳದ ನೀರಿನಿಂದ ಒರೆಸಬೇಕು.

ಅಂಟವಾಳಕಾಯಿ, ಅಂದರೆ ರೀಠಾ, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಹದಿನೈದು ಇಪ್ಪತ್ತು ಕಾಯಿಯ ಬೀಜ ತೆಗೆದು, ಎರಡು ಲೀಟರ್ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಗ್ಗೆ ಕುದಿಸಿ ಕಿವುಚಿ ಸೋಸಿರಿ. ನಮ್ಮ ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡದೆ ಬಟ್ಟೆಗೆ ಬಿಳಿ ಹತ್ತುತ್ತದೆ, ಇದಕ್ಕೆ ಆ ತೊಂದರೆ ಕಡಿಮೆ. ಕೌದಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಬಣ್ಣವೂ ಉಳಿಯುತ್ತದೆ. ಕಣ್ಣಿಗೆ ಸಿಡಿದರೆ ಮಾತ್ರ ಬಹಳ ಉರಿ. ಬಹಳ ದಿನ ಇಟ್ಟರೆ ಕೆಡುತ್ತದೆ, ಬೇಕಾದಷ್ಟೇ ಮಾಡ್ರಿ. ಗಿಡದ ಕಾಯಿ ತಾನೇ ಎಂದು ಕಾಗಿಣಾ ಹೊಳೆಯಲ್ಲೋ ಮುಲ್ಲಾಮಾರಿಯಲ್ಲೋ ಸುರುವಬಾರದು, ಅಂಟವಾಳದ ನೊರೆ ಮೀನಿಗೆ ವಿಷ. ದಂಡೆಯಿಂದ ದೂರ, ಮಣ್ಣಿನ ನೆಲಕ್ಕೆ ಚೆಲ್ಲಿರಿ.

ಹೊರಸಿನಲ್ಲಿ ತಗಣಿ ಹತ್ತಿದರೆ ತೊಗರಿಗೆ ಹೊಡೆಯುವ ಎಣ್ಣೆಯನ್ನೇ ಸಂದಿಗೆ ಬಿಡುವವರಿದ್ದಾರೆ. ಕೂಸು ಬಾಯಿ ಹಚ್ಚಿ ಮಲಗುವ ಜಾಗ ಅದು! ಕಟ್ಟಿಗೆಯ ಸಂದಿಗೆ ಕುದಿಯುವ ನೀರು ಹೊಯ್ದು, ಬಿರುಬಿಸಿಲಿಗೆ ನಾಲ್ಕು ದಿನ ಹೊರಳಿಸಿ ಹಾಕಿದರೆ ತಗಣಿಯೂ ತತ್ತಿಯೂ ಸಾಯುತ್ತವೆ. ಹೊಸದಾಗಿ ಕಂಡರೆ ಇನ್ನೊಮ್ಮೆ ಮಾಡ್ರಿ.

ರಂಜಣಗಿಗೆ ಸಾಬೂನು, ಪೌಡರ್ ಯಾವುದೂ ಬೇಡ. ಮಣ್ಣಿನ ಸಣ್ಣ ರಂಧ್ರಗಳು ಅದನ್ನು ಕುಡಿದು, ಮುಂದಿನ ವರ್ಷ ನೀರಿಗೆ ವಾಸನೆ ಬಿಡುತ್ತವೆ. ಹರಳುಪ್ಪು, ನಾರು ಹಿಡಿದು ತಿಕ್ಕಿ, ಬಿಸಿನೀರಿನಿಂದ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ ಬೋರಲು ಇಡ್ರಿ. ಒಡೆದದ್ದನ್ನು ಹಿತ್ತಲಿಗೆ ಎಸೆಯುವುದಾದರೆ ಅದನ್ನೂ ಬೋರಲೇ ಹಾಕ್ರಿ, ಮಳೆನೀರು ನಿಂತರೆ ಸೊಳ್ಳೆಗೆ ಅದೂ ಒಂದು ತೊಟ್ಟಿಯೇ.