ಡಿಸ್ಪ್ಲೇ ಹೋಗಿದೆ ಅಂದರೆ ಹೋದದ್ದೇನು?

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಹೊಸ ಕಂಪ್ಯೂಟರ್ ಮಾರುವವರ ನಡುವೆಯೇ ಹಳೆಯದಕ್ಕೆ ಜೀವ ಕೊಡುವವರೂ ಇದ್ದಾರೆ. ಮೇಜಿನ ಮೇಲೆ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್. ಪಕ್ಕದಲ್ಲಿ ಬೆನ್ನು ಬಿಚ್ಚಿಸಿಕೊಂಡು ಮಲಗಿದ ಮಾನಿಟರ್. "ಡಿಸ್ಪ್ಲೇ ಹೋಗಿದೆ ಅಣ್ಣ" ಎನ್ನುತ್ತಲೇ ಗಿರಾಕಿ ಒಳಗೆ ಬರುತ್ತಾರೆ. ಎಷ್ಟೋ ಸಲ ಹೋಗಿರುವುದು ಡಿಸ್ಪ್ಲೇ ಅಲ್ಲವೇ ಅಲ್ಲ. ಹಾಗಾದರೆ ಹೋಗಿರುವುದೇನು ಎಂದು ಕಂಡುಹಿಡಿಯುವುದೇ ಈ ಕಸುಬಿನ ತಿರುಳು. ಆಮೇಲಿನ ಬೆಸುಗೆ ಕೆಲಸ ಹತ್ತು ಹದಿನೈದು ನಿಮಿಷದ್ದು.

ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದೆ ಉರಿಯುವ ಬ್ಯಾಕ್‌ಲೈಟ್‌ನ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದಷ್ಟೇ ಅದರೊಳಗಿನ ದ್ರವಸ್ಫಟಿಕದ ಕೆಲಸ. ಈ ದ್ರವಸ್ಫಟಿಕಕ್ಕೂ ನಮ್ಮ ನಾಡಿಗೂ ನಂಟಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿ, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್, ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು 1977ರಲ್ಲಿ ತಮ್ಮ ಸಂಗಡಿಗರೊಂದಿಗೆ ತೋರಿಸಿಕೊಟ್ಟರು. ಮುಂದೆ ಅಂಥ ಅಣುಗಳಿಂದ ಮಾಡಿದ ತೆಳುಪೊರೆ ಎಲ್‌ಸಿಡಿ ಪರದೆಗಳನ್ನು ಸೇರಿತು. ಓರೆಯಾಗಿ ನೋಡಿದವರಿಗೂ ಚಿತ್ರ ಸರಿಯಾಗಿ ಕಾಣುವಂತಾಯಿತು.

ಮಾನಿಟರಿನ ಒಳಗೆ ನಡೆಯುವುದು ಮೂರು ಕೆಲಸ. ಪವರ್ ಬೋರ್ಡ್ ಮನೆಯ 230 ವೋಲ್ಟನ್ನು ಹನ್ನೆರಡು, ಐದು ವೋಲ್ಟಿಗೆಲ್ಲ ಇಳಿಸಿ ಕೊಡುತ್ತದೆ. ಮೇನ್ ಬೋರ್ಡ್ ಕಂಪ್ಯೂಟರಿನ ಸಿಗ್ನಲ್ಲನ್ನು ಪರದೆಗೆ ಒಗ್ಗಿಸುತ್ತದೆ. ಬ್ಯಾಕ್‌ಲೈಟ್ ಬೆಳಗುತ್ತದೆ. ನುರಿತವರು ಸ್ಕ್ರೂ ಬಿಚ್ಚುವ ಮೊದಲೇ ಈ ಮೂರರಲ್ಲಿ ಯಾವುದು ಕೈಕೊಟ್ಟಿದೆ ಎಂದು ಅಂದಾಜು ಮಾಡಿರುತ್ತಾರೆ.

ಲಕ್ಷಣ ನೋಡಿ ಕಾಯಿಲೆ

'ನೋ ಸಿಗ್ನಲ್' ಎಂಬ ಬರಹ ಪರದೆಯಲ್ಲಿ ತೇಲುತ್ತಿದ್ದರೆ ಸಾಮಾನ್ಯವಾಗಿ ಮಾನಿಟರ್ ಆರೋಗ್ಯವಾಗಿದೆ ಎಂದೇ ಅರ್ಥ. ತಪ್ಪು ಕೇಬಲ್‌ನದೋ ಕಂಪ್ಯೂಟರಿನದೋ ಇರಬೇಕು. ಬಟನ್ ಒತ್ತಿದರೂ ಸಣ್ಣ ದೀಪ ಹತ್ತದಿದ್ದರೆ, ಹತ್ತಿಯೂ ಮಿಣುಕುತ್ತಲೇ ಇದ್ದರೆ, ಅನುಮಾನ ಮೊದಲು ಪವರ್ ಬೋರ್ಡ್ ಮೇಲೆ. ಚಿತ್ರ ಬಂದು ಒಂದೆರಡು ಸೆಕೆಂಡಿನಲ್ಲಿ ಕಪ್ಪಾದರೆ ಬ್ಯಾಕ್‌ಲೈಟ್ ಕಡೆ ಏನೋ ಕೆಟ್ಟಿದೆ, ರಕ್ಷಣೆಗಾಗಿ ಸರ್ಕ್ಯೂಟ್ ತಾನೇ ಆರಿಸಿಕೊಂಡಿದೆ ಎಂದು ಲೆಕ್ಕ.

ಇದನ್ನು ಖಚಿತ ಮಾಡಿಕೊಳ್ಳಲು ಬೇಕಾದದ್ದು ಒಂದು ಟಾರ್ಚ್. ಮಾನಿಟರ್ ಆನ್ ಮಾಡಿ, ಕಪ್ಪು ಪರದೆಯ ಮೇಲೆ ಓರೆಯಾಗಿ ಬೆಳಕು ಬಿಟ್ಟಾಗ ಡೆಸ್ಕ್‌ಟಾಪ್‌ನ ಚಿತ್ರ ಮಸುಕಾಗಿ ಕಂಡರೆ ಪ್ಯಾನೆಲ್, ಮೇನ್ ಬೋರ್ಡ್ ಎರಡೂ ಕೆಲಸ ಮಾಡುತ್ತಿವೆ. ಕೊರತೆ ಬೆಳಕಿನದು ಮಾತ್ರ.

ಊದಿಕೊಂಡ ಕೆಪಾಸಿಟರ್

ಪವರ್ ಬೋರ್ಡ್ ಬಿಚ್ಚಿದಾಗ ಕಣ್ಣು ಮೊದಲು ಹೋಗುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ನೆತ್ತಿಗೆ. ಚಪ್ಪಟೆಯಾಗಿರಬೇಕಾದ ನೆತ್ತಿ ಹಪ್ಪಳದಂತೆ ಉಬ್ಬಿದ್ದರೆ, ಕಂದು ದ್ರವ ಒಸರಿದ್ದರೆ ಕಳ್ಳ ಸಿಕ್ಕಂತೆಯೇ. 2000ದ ದಶಕದ ಮೊದಲ ವರ್ಷಗಳಲ್ಲಿ ಕಳಪೆ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರ್‌ಗಳು ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಕೆಡಿಸಿದ್ದವು. ತಯಾರಿಕೆ ಚೆನ್ನಾಗಿದ್ದರೂ ಬಿಸಿ ಹೀಟ್‌ಸಿಂಕ್ ಪಕ್ಕ ವರ್ಷಗಟ್ಟಲೆ ಕೂತರೆ ಒಳಗಿನ ದ್ರವ ಒಣಗುತ್ತದೆ. ಹೊರಗೆ ಏನೂ ಕಾಣದೆ ಒಳಗೇ ಸೊರಗಿದವನ್ನು ಹಿಡಿಯಲು ಇಎಸ್‌ಆರ್ ಮೀಟರ್ ಬೇಕು.

ಬದಲಿಸುವಾಗಿನ ನಿಯಮ ಸರಳ: ಮೈಕ್ರೊಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿ ತಾಳುವಂಥದ್ದು, ಪ್ಲಸ್–ಮೈನಸ್ ತಿರುವುಮುರುವಾಗಬಾರದು. ಬಿಡಿಭಾಗದ ಬೆಲೆ ಅಲ್ಪ. ಗಿರಾಕಿ ಕೊಡುವ ಹಣ ಹೆಚ್ಚಾಗಿ ಅದನ್ನು ಗುರುತಿಸಿದ ಕಣ್ಣಿಗೆ.

ಮನೆಯಲ್ಲೇ ಕೈಹಾಕುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆ. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಟ್ಯೂಬ್ ಬ್ಯಾಕ್‌ಲೈಟ್ ಇರುವ ಹಳೆಯ ಮಾಡೆಲ್‌ಗಳಲ್ಲಿ ಅದನ್ನು ಹೊತ್ತಿಸುವ ಇನ್ವರ್ಟರ್ ಸಾವಿರ ವೋಲ್ಟನ್ನೂ ದಾಟುತ್ತದೆ. ಕೆಪಾಸಿಟರ್ ಖಾಲಿ ಮಾಡಿ, ಮೀಟರ್ ಹಿಡಿದು ನೋಡದೆ ಬೋರ್ಡ್ ಮುಟ್ಟುವುದು ಸಲ್ಲ.

ಆ ಸಪೂರ ಟ್ಯೂಬ್ ಸೋತಿದ್ದರೆ ಅದರ ಜಾಗಕ್ಕೆ ಎಲ್‌ಇಡಿ ಪಟ್ಟಿಯನ್ನೂ ಅದರ ಡ್ರೈವರ್ ಬೋರ್ಡನ್ನೂ ಕೂರಿಸುವ ಕಿಟ್‌ಗಳಿವೆ. ಇದು ನಾಜೂಕಿನ ಕೆಲಸ. ಪ್ಯಾನೆಲ್ ಬಿಚ್ಚಿದಾಗ ಒಳಹೊಕ್ಕ ಒಂದೇ ಧೂಳಿನ ಕಣವೂ ಪರದೆಯ ಮೇಲೆ ಕಲೆಯಾಗಿ ಕಾಡುತ್ತದೆ.

ಬೇಡ ಎನ್ನಬೇಕಾದಾಗ

ಪ್ಯಾನೆಲ್ ಒಡೆದಿದ್ದರೆ ಬೆಸುಗೆ ಕೆಲಸಕ್ಕೆ ಬರುವುದಿಲ್ಲ. ಉದ್ದುದ್ದ ಗೆರೆ ಮೂಡಿದ್ದರೂ ಹೆಚ್ಚಾಗಿ ಅಷ್ಟೇ: ಗಾಜಿನ ಅಂಚಿಗೆ ಅಂಟಿಸಿದ ಸೂಕ್ಷ್ಮ ಪಟ್ಟಿಗಳ ಸಂಪರ್ಕ ಬಿಟ್ಟಿರುತ್ತದೆ. ಅಂಚು ಒತ್ತಿದಾಗ ಗೆರೆ ಮಾಯವಾದರೂ ಮತ್ತೆ ಬರುತ್ತದೆ. ಪ್ಯಾನೆಲ್ ಬದಲಿಸಲು ಹೊಸ ಮಾನಿಟರಿಗೆ ಹತ್ತಿರದ ಖರ್ಚು ಬೀಳಬಹುದು. ಹಾಗಾಗಿ ಗುರುತು ಪರಿಚಯವಿಲ್ಲದ ರಿಪೇರಿಯವರನ್ನು ಅಳೆಯುವ ಬಗೆ ಇದು: ಬೆಲೆಗಿಂತ ಮೊದಲು ದೋಷ ಹೇಳಬೇಕು, ತೆಗೆದ ಬಿಡಿಭಾಗವನ್ನು ಕೈಗೆ ಕೊಡಬೇಕು, ಪ್ಯಾನೆಲ್ ಹೋಗಿದ್ದರೆ "ಇದಕ್ಕೆ ದುಡ್ಡು ಹಾಕಬೇಡಿ ಸರ್" ಎನ್ನಬೇಕು.

ಹಾಗೆ ಉಳಿದ ಮಾನಿಟರಿನ ಬೋರ್ಡ್‌ಗಳು ಇನ್ನೊಂದಕ್ಕೆ ಆಗಿಬರುತ್ತವೆ. ಮಿಕ್ಕಿದ್ದು ಗುಜರಿಗಲ್ಲ, ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ಹೋಗಬೇಕು. ಹಳೆಯ ಬ್ಯಾಕ್‌ಲೈಟ್ ಟ್ಯೂಬ್‌ಗಳಲ್ಲಿ ಪಾದರಸವಿದೆ. ಅವನ್ನು ಒಡೆದು ತಿಪ್ಪೆಗೆ ಎಸೆದರೆ ಅದು ಮಣ್ಣಿಗೂ ನೀರಿಗೂ ಸೇರುತ್ತದೆ.